ಇಸ್ತಾಂಬುಲ್‌ನ ಹಳೆಯ ರಾಜಬೀದಿಯಲ್ಲಿ

ಹಾಗಿಯಾ ಸೋಫಿಯಾದಿಂದ ಕೂಗಳತೆಯಲ್ಲಿ, ಟ್ರಾಮ್ ದಾರಿಯ ಪಕ್ಕದ ತಗ್ಗಿನಲ್ಲಿ ಸವೆದ ಕಲ್ಲುಕಂಬವೊಂದು ನಿಂತಿದೆ. ಮಿಲಿಯನ್ ಎಂಬ ಕಮಾನು ಮಂಟಪದಲ್ಲಿ ಉಳಿದದ್ದು ಇಷ್ಟೇ. ಬೈಜಾಂಟೈನ್ ಸಾಮ್ರಾಜ್ಯದ ಹೆದ್ದಾರಿಗಳ ದೂರವನ್ನು ಅಳೆಯುತ್ತಿದ್ದದ್ದು ಇಲ್ಲಿಂದ; ಕಾನ್‌ಸ್ಟಾಂಟಿನೋಪಲ್‌ನ ರಾಜಬೀದಿ ಮೆಸೆ ಶುರುವಾಗುತ್ತಿದ್ದದ್ದೂ ಇಲ್ಲಿಂದಲೇ. ನಾನೂ ಪಡುವಲಿಗೆ ನಡೆಯತೊಡಗಿದೆ.

ಇಕ್ಕೆಲದಲ್ಲೂ ಸಾಲುಮಂಟಪ, ಅದರ ನೆರಳಲ್ಲಿ ಅಂಗಡಿಗಳಿದ್ದ ಬೀದಿಯಿದು. 532ರ ನಿಕಾ ದಂಗೆಯ ಬೆಂಕಿಗೆ ಬಹಳಷ್ಟು ಸುಟ್ಟುಹೋಗಿತ್ತು, ಮತ್ತೆ ಕಟ್ಟಿದರು. ಇಂದು ದಿವಾನ್ ಯೋಲು ಎನ್ನುತ್ತಾರೆ. ಸಾಮ್ರಾಜ್ಯಗಳು ಬದಲಾದರೂ ಬೀದಿಯ ಜಾಡು ಹೆಚ್ಚುಕಡಿಮೆ ಅದೇ ಉಳಿದಿದೆ. ಬೀದಿಯುದ್ದಕ್ಕೂ ಇದ್ದ ಚೌಕಗಳಿಗೆ ಆ ಭಾಗ್ಯವಿಲ್ಲ, ಅವನ್ನು ಹುಡುಕಬೇಕು.

ಏರು ಹತ್ತಿದರೆ ಚೆಂಬರ್ಲಿತಾಷ್. ಕಾನ್‌ಸ್ಟಂಟೈನ್ ದೊರೆ 330ರಲ್ಲಿ ಹೊಸ ರಾಜಧಾನಿಯನ್ನು ಉದ್ಘಾಟಿಸಿದಾಗ ದುಂಡನೆಯ ಚೌಕದ ನಡುವೆ ನಿಲ್ಲಿಸಿದ ಕಂಬ. ಈಜಿಪ್ಟಿನಿಂದ ತಂದ ಕೆನ್ನೀಲಿ ಕಲ್ಲು. ತುದಿಯಲ್ಲಿ ಸೂರ್ಯದೇವನ ರೂಪದಲ್ಲಿ ದೊರೆಯ ಪ್ರತಿಮೆಯಿತ್ತು. 1106ರ ಬಿರುಗಾಳಿಗೆ ಉರುಳಿತು. 1779ರ ಬೆಂಕಿ ಕಂಬವನ್ನು ಕರಿದಾಗಿಸಿತು. ಕಬ್ಬಿಣದ ಪಟ್ಟಿ ಬಿಗಿಸಿಕೊಂಡು ಇನ್ನೂ ನಿಂತಿರುವ ಅದರ ಬುಡದಲ್ಲಿ ನಾನು ಬಹಳ ಹೊತ್ತು ಕಳೆದೆ. ಕಂಬದ ಸುತ್ತ ಇದ್ದ ಚೌಕದ ಗುರುತೇ ಇಲ್ಲ.

ಮುಂದೆ ಬೆಯಾಝಿತ್‌ನಲ್ಲಿ ದೊರೆ ಥಿಯೊಡೋಸಿಯಸ್‌ನ ಚೌಕವಿತ್ತು. ಅವನ ವಿಜಯದ ಕಮಾನಿನ ತುಂಡುಗಳು ರಸ್ತೆ ಬದಿಯಲ್ಲೇ ಬಿದ್ದಿವೆ. ಕಂಬಗಳ ಮೈಯೆಲ್ಲ ನವಿಲುಗರಿಯ ಕಣ್ಣಿನಂಥ ಕೆತ್ತನೆ. ಮುಟ್ಟಿ ನೋಡಿದೆ, ಅಂಚುಗಳು ಇನ್ನೂ ಸ್ಪಷ್ಟ. ಅವನ ಸ್ಮಾರಕಸ್ತಂಭವನ್ನು ಸುಮಾರು 1500ರಲ್ಲಿ ಕೆಡವಿ, ಅದರ ಕಲ್ಲುಗಳನ್ನು ಹತ್ತಿರದ ಹಮಾಮಿನ ಅಡಿಪಾಯಕ್ಕೆ ಹಾಕಿದರು. ಬಗ್ಗಿ ನೋಡಿದರೆ ಗೋಡೆಯ ಬುಡದಲ್ಲಿ ರೋಮನ್ ಸೈನಿಕರು ತಲೆಕೆಳಗಾಗಿ ನಡೆಯುತ್ತಿದ್ದಾರೆ! ಕಟ್ಟುವವರಿಗೆ ಕಲ್ಲು ಬೇಕಿತ್ತು, ಅದನ್ನು ನಾನು ದೂರಲಾರೆ. ಆದರೂ ಹೊಟ್ಟೆ ಚುರುಕ್ಕೆಂದಿತು.

ಅಕ್ಸರಾಯ್‌ನಲ್ಲಿ ಎತ್ತಿನ ಚೌಕ ಎಂಬ ಚೌಕವಿದ್ದ ಕಡೆ ಈಗ ಬರೀ ವಾಹನಗಳು. ಅಲ್ಲಿಂದ ಜೆರ್ರಾಹ್‌ಪಾಷಾದ ಓಣಿಗಳಿಗೆ ತಿರುಗಿದೆ. ಅಲ್ಲಿದ್ದ ದೊರೆ ಅರ್ಕೇಡಿಯಸ್‌ನ ಚೌಕದಲ್ಲಿ ಉಳಿದಿರುವುದು ಮನೆಗಳ ನಡುವೆ ಸಿಕ್ಕಿಕೊಂಡ ಭಾರೀ ಪೀಠವೊಂದೇ. ಅದರ ಮೇಲೆ ನಿಂತಿದ್ದ, ಭೂಕಂಪಗಳಿಂದ ಬಿರುಕುಬಿಟ್ಟ ಸ್ತಂಭ ಬಿದ್ದೀತೆಂದು 1715ರ ಸುಮಾರಿಗೆ ಇಳಿಸಿದರು. ಆದರೆ 1574ರಲ್ಲಿ ಯಾರೋ ಚಿತ್ರಕಾರ ಅದರ ಸುರುಳಿ ಸುರುಳಿ ಯುದ್ಧಚಿತ್ರಗಳನ್ನು ತಾಳ್ಮೆಯಿಂದ ಕಾಗದಕ್ಕಿಳಿಸಿದ್ದ. ಆ ಹಾಳೆಗಳು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನಲ್ಲಿವೆ. ಅವುಗಳ ಪ್ರತಿಯನ್ನಾದರೂ ಈ ಪೀಠದ ಪಕ್ಕ ನಿಲ್ಲಿಸಿದರೆ, ಈ ಓಣಿಯ ಮಕ್ಕಳಿಗೆ ತಮ್ಮ ಮನೆಯೆದುರು ಏನಿತ್ತೆಂದು ಕಾಣುತ್ತದೆ.