ಟಿಕೇಟಿನ ಮೇಲೆ ಮಿಶ್ರಿಕೋಟಿ

ಹುಬ್ಬಳ್ಳಿಗೂ ಕಲಘಟಗಿಗೂ ನಡುವಿನ ಊರು ಮಿಶ್ರಿಕೋಟಿ. ಬಯಲುಸೀಮೆ ಮುಗಿದು ಮಲೆನಾಡು ಇನ್ನೂ ಶುರುವಾಗದ ಜಾಗ ಇದು. ಎರೆಹೊಲದ ಹತ್ತಿಯ ಜೊತೆಗೆ ಗೋವಿನಜೋಳ, ಸೋಯಾ, ಭತ್ತಗಳೂ ಕಣ್ಣಿಗೆ ಬೀಳುತ್ತವೆ. ಇಲ್ಲಿನವರಿಗೆ ಹುಬ್ಬಳ್ಳಿ ಎಂದರೆ ಸಂತೆ, ದವಾಖಾನೆ, ಕಾಲೇಜು, ರೈಲು. ಈಗ ವಿಮಾನ ಕೂಡ.

2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ಬಸ್ಸಿನಲ್ಲಿ ಗುರುತಿನ ಚೀಟಿ ತೋರಿಸುವುದು ಇಲ್ಲಿನ ಹೆಣ್ಣುಮಕ್ಕಳಿಗೆ ರೂಢಿಯಾಗಿಬಿಟ್ಟಿದೆ. ಕಂಡಕ್ಟರ್ ಕಾರ್ಡಿನ ಮೇಲೊಮ್ಮೆ ಕಣ್ಣಾಡಿಸಿ ಶೂನ್ಯ ದರದ ಚೀಟಿ ಹರಿದು ಕೊಡುತ್ತಾನೆ. ಕಾರ್ಡಿನಲ್ಲಿ ಹೆಸರು ಹೇಗೆ ಬರೆದಿದೆ ಎಂಬುದು ಅವನಿಗೆ ಬೇಕಿಲ್ಲ. ಗೋಕುಲ ರಸ್ತೆಯ ವಿಮಾನ ನಿಲ್ದಾಣದ ಬಾಗಿಲಲ್ಲಿ ನಿಂತ ಭದ್ರತಾ ಸಿಬ್ಬಂದಿಗೆ ಮಾತ್ರ ಬೇಕಾದದ್ದೇ ಅದು. ಒಂದು ಕೈಯಲ್ಲಿ ಟಿಕೇಟು, ಇನ್ನೊಂದು ಕೈಯಲ್ಲಿ ಚೀಟಿ ಹಿಡಿದು ಅವರು ಎರಡರಲ್ಲಿರುವ ಹೆಸರನ್ನೂ ಓದುತ್ತಾರೆ, ಆಮೇಲೆ ಮುಖ ನೋಡುತ್ತಾರೆ.

ಹುಬ್ಬಳ್ಳಿಯ ಈ ನಿಲ್ದಾಣ 1974ರಷ್ಟು ಹಳೆಯದು. ಆದರೆ ಬಹುಕಾಲ ಅದು ಇದ್ದೂ ಇಲ್ಲದಂತಿತ್ತು. 2003ರ ಆಗಸ್ಟ್‌ನಲ್ಲಿ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಕಂಪನಿ ತನ್ನ ಮೊದಲ ಹಾರಾಟವನ್ನೇ ಬೆಂಗಳೂರು–ಹುಬ್ಬಳ್ಳಿ ನಡುವೆ ನಡೆಸಿತು. 2017ರ ಡಿಸೆಂಬರ್‌ನಲ್ಲಿ ಹೊಸ ಕಟ್ಟಡ ಬಂತು, ಮರುವರ್ಷ ಉಡಾನ್ ಯೋಜನೆಯ ವಿಮಾನಗಳು ಬಂದವು. ಮಗ ಬೆಂಗಳೂರಿನಲ್ಲಿ, ಮಗಳು ಹೈದರಾಬಾದಿನಲ್ಲಿ ಎನ್ನುವ ಮನೆಗಳ ಹಿರಿಯರೂ ವಿಮಾನ ಹತ್ತತೊಡಗಿದರು.

ದೇಶದೊಳಗಿನ ಹಾರಾಟಕ್ಕೆ ಯಾವ ಚೀಟಿ ನಡೆಯುತ್ತದೆ ಎಂಬುದನ್ನು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋ 2017ರ ಅಕ್ಟೋಬರ್‌ನಲ್ಲಿ ಸ್ಪಷ್ಟಪಡಿಸಿತು. ಪಾಸ್‌ಪೋರ್ಟ್, ಮತದಾರರ ಚೀಟಿ, ಆಧಾರ್ ಅಥವಾ ಮೊಬೈಲಿನ ಎಂ-ಆಧಾರ್, ಪ್ಯಾನ್, ಚಾಲನಾ ಪರವಾನಗಿ, ನೌಕರಿಯ ಗುರುತಿನ ಚೀಟಿ, ವಿದ್ಯಾರ್ಥಿಯ ಗುರುತಿನ ಚೀಟಿ, ರಾಷ್ಟ್ರೀಕೃತ ಬ್ಯಾಂಕಿನ ಫೋಟೋ ಇರುವ ಪಾಸ್‌ಬುಕ್, ಪಿಂಚಣಿ ಕಾರ್ಡು, ಅಂಗವಿಕಲರ ಚೀಟಿ, ಹೀಗೆ ಹತ್ತರಲ್ಲಿ ಒಂದಿದ್ದರೆ ಸಾಕು. ತಂದೆ ಅಥವಾ ತಾಯಿ ಜೊತೆಗಿದ್ದು ಅವರ ಚೀಟಿ ಸರಿಯಿದ್ದರೆ ಮಕ್ಕಳಿಗೆ ಬೇರೆ ಚೀಟಿ ಬೇಡ. ಕೂಸಿನ ವಯಸ್ಸಿಗೆ ಮಾತ್ರ ವಿಮಾನ ಕಂಪನಿಯವರು ಜನ್ಮದಾಖಲೆ ಕೇಳುವುದುಂಟು. ವಿದ್ಯಾರ್ಥಿಯ ಚೀಟಿಯ ಬಗ್ಗೆ ಒಂದು ಮಾತು: ಸರ್ಕಾರಿ ಸಂಸ್ಥೆ ಕೊಟ್ಟದ್ದಕ್ಕೆ ತಕರಾರಿಲ್ಲ, ಖಾಸಗಿ ಕಾಲೇಜಿನ ಹುಡುಗರು ಆಧಾರ್ ಕೂಡ ಜೇಬಿನಲ್ಲಿಟ್ಟುಕೊಳ್ಳುವುದು ಕ್ಷೇಮ. ನೆರಳಚ್ಚು ಪ್ರತಿ, ಅಣ್ಣ ವಾಟ್ಸ್ಯಾಪಿನಲ್ಲಿ ಕಳಿಸಿದ ಕಾರ್ಡಿನ ಫೋಟೋ, ಇವನ್ನು ನಂಬಿ ಹೊರಡಬಾರದು.

ಒಂದು ಹೆಸರಿಗೆ ಇಷ್ಟೊಂದು ಕಾವಲು ಯಾಕೆ? ಉತ್ತರ 1985ರ ಜೂನ್ 23ರಲ್ಲಿದೆ. ಅಂದು ಏರ್ ಇಂಡಿಯಾದ ‘ಕನಿಷ್ಕ’ ವಿಮಾನ ಐರ್ಲೆಂಡಿನ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರದ ಮೇಲೆ ಸ್ಫೋಟಗೊಂಡು 329 ಜನ ಸತ್ತರು. ಬಾಂಬು ಇದ್ದದ್ದು ಕೆನಡಾದ ವ್ಯಾಂಕೂವರ್‌ನಲ್ಲಿ ಹಾಕಿದ ಒಂದು ಸೂಟ್‌ಕೇಸಿನಲ್ಲಿ. ಯಾವುದೋ ಒಂದು ಹೆಸರು ಹೇಳಿ ಚೀಲ ಒಪ್ಪಿಸಿದವನು ತಾನು ವಿಮಾನ ಹತ್ತಲೇ ಇಲ್ಲ. ಚೀಲ ಹಾರಿತು, ಮನುಷ್ಯ ಹಾರಲಿಲ್ಲ. ಆ ಮೇಲೆ ಜಗತ್ತಿನಾದ್ಯಂತ ಒಂದು ನಿಯಮ ಬಿಗಿಯಾಯಿತು: ಟಿಕೇಟಿನ ಹೆಸರು, ಚೀಲದ ಚೀಟಿ, ಕುರ್ಚಿಯಲ್ಲಿ ಕೂತ ಮನುಷ್ಯ ಈ ಮೂರೂ ಒಂದೇ ಆಗಿರಬೇಕು. 1978ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಒಂದು ಘಟಕವಾಗಿ ಹುಟ್ಟಿದ್ದ ಭದ್ರತಾ ಬ್ಯೂರೋವನ್ನು ಭಾರತ ಸರ್ಕಾರ 1987ರ ಏಪ್ರಿಲ್ 1ರಿಂದ ಸ್ವತಂತ್ರ ಇಲಾಖೆಯಾಗಿ ಮಾಡಿದ್ದು ಈ ದುರಂತದ ತರುವಾಯವೇ. ಬಾಗಿಲಲ್ಲಿ ಸಿಡುಕುವ ಪ್ರಯಾಣಿಕರಿಗೆ ಈ ಕತೆ ಗೊತ್ತಿದ್ದರೆ ಸಿಡುಕು ಅರ್ಧ ಇಳಿದೀತು.

ಚೀಲದೊಳಗಿನ ವಿಚಾರಕ್ಕೂ ಅಷ್ಟೇ ಕಾರಣಗಳಿವೆ. ಧಾರವಾಡ ಸೀಮೆಯಿಂದ ಮಕ್ಕಳನ್ನು ನೋಡಲು ಹೋಗುವವರು ಬರಿಗೈಯಲ್ಲಿ ಹೋಗುವುದುಂಟೆ? ಫೇಡೆಗೆ ಅಡ್ಡಿಯಿಲ್ಲ, ಕಟಕ ರೊಟ್ಟಿಗೂ ಇಲ್ಲ. ಖಾರಪುಡಿ ಮಾತ್ರ ಕೈಚೀಲದಲ್ಲಿ ನಿಷಿದ್ಧ, ಕಣ್ಣಿಗೆರಚಿದರೆ ಅದೂ ಆಯುಧವೇ. ಅದನ್ನು ಕೌಂಟರಿನಲ್ಲಿ ಒಪ್ಪಿಸುವ ಚೀಲಕ್ಕೆ ಹಾಕಬೇಕು. ಆ ಚೀಲದಲ್ಲಿ ಒಣಕೊಬ್ಬರಿ ಇರಕೂಡದು ಎಂದು 2022ರಲ್ಲಿ ಆಜ್ಞೆಯಾದಾಗ ಬಹಳ ಜನ ನಕ್ಕರು. ನಗುವ ಸಂಗತಿಯಲ್ಲ. ಕೊಬ್ಬರಿಯಲ್ಲಿ ಎಣ್ಣೆಯ ಅಂಶ ಹೆಚ್ಚು. ಆ ಎಣ್ಣೆ ಗಾಳಿಯ ಆಮ್ಲಜನಕದೊಡನೆ ನಿಧಾನವಾಗಿ ಸಂಯೋಗವಾಗುವಾಗ ಶಾಖ ಹುಟ್ಟುತ್ತದೆ. ರಾಶಿಯ ಒಳಗಿನಿಂದ ಆ ಶಾಖ ಹೊರಹೋಗದಿದ್ದರೆ ಬೆಂಕಿ ತಾನಾಗಿಯೇ ಹೊತ್ತಬಹುದು. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕೊಬ್ಬರಿ ಸ್ವಯಂ ದಹನಶೀಲ ವಸ್ತುಗಳ ಸಾಲಿನಲ್ಲಿದೆ. ಮೊಬೈಲಿಗೆ ವಿದ್ಯುತ್ ತುಂಬುವ ಪವರ್ ಬ್ಯಾಂಕಿನದು ಇದಕ್ಕೆ ತದ್ವಿರುದ್ಧ, ಅದು ಕೈಚೀಲದಲ್ಲಿಯೇ ಇರಬೇಕು. ಹೊಗೆ ಬಂದರೆ ಕಣ್ಣಿಗೆ ಬೀಳಲಿ ಎಂದು. ಮಿತಿ 100 ವಾಟ್-ಗಂಟೆ. 20,000 ಮಿಲಿ ಆಂಪಿಯರ್-ಗಂಟೆಯದನ್ನು 3.7 ವೋಲ್ಟಿನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74 ಬರುತ್ತದೆ. ಹತ್ತನೆಯ ತರಗತಿಯ ಹುಡುಗ ಅಜ್ಜನಿಗೆ ಈ ಲೆಕ್ಕ ಮಾಡಿಕೊಡಬಹುದು. ಇನ್ನು ಕಲಘಟಗಿಯ ಬಣ್ಣದ ತೊಟ್ಟಿಲನ್ನು ಮೊಮ್ಮಗುವಿಗೆ ಒಯ್ಯಬೇಕೆಂಬ ಅಜ್ಜಿಯರು ವಿಮಾನವನ್ನು ಮರೆತು ಲಾರಿ ಸರ್ವಿಸು ನೋಡುವುದೇ ಒಳ್ಳೆಯದು.

ಚೀಲದ ತೊಂದರೆ ಅಲ್ಲಿಗಲ್ಲಿಗೇ ಪರಿಹಾರವಾಗುತ್ತದೆ, ಕೊಬ್ಬರಿ ತೆಗೆದಿಟ್ಟರೆ ಮುಗಿಯಿತು. ಹೆಸರಿನ ತೊಂದರೆ ಹಾಗಲ್ಲ.

ಈ ಸೀಮೆಯಲ್ಲಿ ಊರೇ ಅಡ್ಡಹೆಸರು. ಹುಬ್ಬಳ್ಳಿ, ಕಲಘಟಗಿ, ಅಣ್ಣಿಗೇರಿ, ನವಲಗುಂದ ಎಂಬ ಮನೆತನಗಳಿದ್ದಂತೆ ಮಿಶ್ರಿಕೋಟಿ ಎಂಬ ಮನೆತನಗಳೂ ಇವೆ. ಇದರಲ್ಲೊಂದು ಸ್ವಾರಸ್ಯವಿದೆ. ಊರಲ್ಲೇ ಉಳಿದವನನ್ನು ಯಾರೂ ಮಿಶ್ರಿಕೋಟಿ ಎಂದು ಕರೆಯುವುದಿಲ್ಲ, ಊರು ಬಿಟ್ಟು ಬೇರೆಡೆ ನೆಲೆಸಿದವನಿಗೇ ಆ ಹೆಸರು ಅಂಟುವುದು. ಕುಂದಗೋಳದ ಸವಾಯಿ ಗಂಧರ್ವರ ನಿಜನಾಮ ರಾಮಚಂದ್ರ ಗಣೇಶ ಕುಂದಗೋಳಕರ. ಅವರು ಇಂದು ವಿಮಾನ ಹತ್ತುವುದಾಗಿದ್ದರೆ ಇಡೀ ದೇಶ ಬಲ್ಲ ಹೆಸರು ಬಾಗಿಲಲ್ಲಿ ಉಪಯೋಗಕ್ಕೆ ಬರುತ್ತಿರಲಿಲ್ಲ, ಊರಿನ ಹೆಸರೇ ಬೇಕಾಗುತ್ತಿತ್ತು.

ತನ್ನ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಈ ಕ್ರಮ 1956ರವರೆಗೆ ಮುಂಬಯಿ ರಾಜ್ಯಕ್ಕೆ ಸೇರಿದ್ದ ಧಾರವಾಡದ ಕಡೆಯ ರೂಢಿ. ಹೆಸರು ಮತ್ತು ಕುಲನಾಮ ಎಂದು ಎರಡು ಖಾನೆಗಳಿರುವ ವಿಮಾನದ ಅರ್ಜಿಗೆ ಇದು ಹೇಳಿ ಮಾಡಿಸಿದಂತಿದೆ. ಹಳೆಯ ಮೈಸೂರಿನ ಕಡೆಯವರು ಒಂದೆರಡು ಇನಿಷಿಯಲ್ಲು ಹಿಡಿದು ಎರಡನೆಯ ಖಾನೆಗೆ ಏನು ಬರೆಯಬೇಕೆಂದು ಪೇಚಾಡುತ್ತಾರೆ. ಅದು ಸಣ್ಣ ಪೇಚಲ್ಲ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್ ಸರ್ಕಾರ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವವರಿಗೆ ಪ್ರವಾಸಿ ವೀಸಾದ ಮೇಲೆ ಪ್ರವೇಶವಿಲ್ಲ ಎಂದು ಸಾರಿತು. ಕೊನೆಯ ಪುಟದಲ್ಲಿ ತಂದೆಯ ಹೆಸರಿದ್ದರೆ ನಡೆಯುತ್ತದೆ ಎಂಬ ಸ್ಪಷ್ಟೀಕರಣ ಆಮೇಲೆ ಬಂತು.

ಹಾಗೆಂದು ಧಾರವಾಡದವರು ನಿಶ್ಚಿಂತರಾಗಿರುವಂತಿಲ್ಲ, ಕನ್ನಡದ ಹೆಸರನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಹತ್ತು ದಾರಿಗಳು. ಊರಿನದೇ ಉದಾಹರಣೆ ಸಾಕು: ಹಳೆಯ ಇಂಗ್ಲಿಷ್ ಕಾಗದಗಳಲ್ಲಿ ಇದು ‘ಮಿಸ್ರಿಕೋಟ್’, ಈಗ ‘ಮಿಶ್ರಿಕೋಟಿ’. ಬಸವರಾಜನ ಕೊನೆಗೆ ಎ ಅಕ್ಷರ ಬೇಕೆ ಬೇಡವೆ, ಮಂಜುನಾಥನಿಗೆ ಟಿ ಮುಂದೆ ಎಚ್ ಇದೆಯೆ ಇಲ್ಲವೆ? ಶಾಲೆಯಲ್ಲಿ ಒಂದು ರೀತಿ, ಆಧಾರ್ ಕೇಂದ್ರದಲ್ಲಿ ಇನ್ನೊಂದು, ಬ್ಯಾಂಕಿನಲ್ಲಿ ಮತ್ತೊಂದು. ಮದುವೆಯಾದ ಹೆಣ್ಣುಮಕ್ಕಳ ಪಾಡು ಇನ್ನೂ ತೊಡಕಿನದು. ಅಂಕಪಟ್ಟಿಯಲ್ಲಿ ತವರಿನ ಅಡ್ಡಹೆಸರು, ಆಧಾರ್‌ನಲ್ಲಿ ಗಂಡನ ಮನೆಯದು. ಮದುವೆಯಾಯಿತೆಂದು ಪಾಸ್‌ಪೋರ್ಟಿನ ಹೆಸರು ಬದಲಿಸಲೇಬೇಕೆಂಬ ನಿಯಮವೇನೂ ಇಲ್ಲ. ಟಿಕೇಟು ಯಾವ ದಾಖಲೆಯಂತಿದೆಯೋ ಅದೇ ಕೈಯಲ್ಲಿದ್ದರೆ ಸರಿ.

ಪಾಸ್‌ಪೋರ್ಟಿನ ಫೋಟೋ ಪುಟದ ಅಡಿಯಲ್ಲಿ ಎರಡು ಸಾಲುಗಳಿರುತ್ತವೆ, ಒಂದೊಂದರಲ್ಲಿ 44 ಸ್ಥಾನ. ಯಂತ್ರ ಓದುವುದು ಅವನ್ನೇ. ಎರಡನೆಯ ಸಾಲಿನ ಪಾಸ್‌ಪೋರ್ಟ್ ಸಂಖ್ಯೆ, ಜನ್ಮದಿನಾಂಕ, ಮುಗಿಯುವ ದಿನಾಂಕ ಇವುಗಳ ಬೆನ್ನಿಗೆ ಒಂದೊಂದು ತಾಳೆಯ ಅಂಕಿ ಇರುತ್ತದೆ. ಅಂಕಿಗಳನ್ನು ಸರದಿಯ ಪ್ರಕಾರ 7, 3, 1ರಿಂದ ಗುಣಿಸಿ ಕೂಡಿಸಿ ಹತ್ತರಿಂದ ಭಾಗಿಸಿದಾಗ ಉಳಿಯುವ ಶೇಷವೇ ಆ ಅಂಕಿ. ಒಂದು ಅಂಕಿ ತಪ್ಪಾಗಿ ಓದಿದರೆ ಲೆಕ್ಕ ಸಾಮಾನ್ಯವಾಗಿ ಕೂಡಿಬರುವುದಿಲ್ಲ, ಯಂತ್ರ ಹಿಡಿದುಬಿಡುತ್ತದೆ. ಆದರೆ ಹೆಸರಿರುವ ಮೊದಲ ಸಾಲಿಗೆ ಇಂಥ ತಾಳೆಯ ಅಂಕಿಯೇ ಇಲ್ಲ. ಅಲ್ಲಿ ಇರುವುದು ಇಂಗ್ಲಿಷಿನ 26 ಅಕ್ಷರ ಮಾತ್ರ, ಳ ಮತ್ತು ಲ, ಣ ಮತ್ತು ನ ಎಲ್ಲವೂ ಒಂದೇ. ಹೆಸರು ಮೊದಲೇ ತಪ್ಪಾಗಿ ಅಚ್ಚಾಗಿದ್ದರೆ ಅದನ್ನು ಹಿಡಿಯಬೇಕಾದವನು ಮನುಷ್ಯನೇ.

ಆ ಮನುಷ್ಯ ಮೊದಲು ಸಿಗುವುದು ವಿಮಾನ ನಿಲ್ದಾಣದಲ್ಲಲ್ಲ, ಊರಿನ ಶಾಲೆಯಲ್ಲಿ. ಜೂನ್ 1 ಎಂಬ ಜನ್ಮದಿನಾಂಕ ಹೊತ್ತ ಹಿರಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಅವರನ್ನು ಹೆತ್ತವರು ದಿನ ಹೇಳದಿದ್ದಾಗ ಮಾಸ್ತರರು ಶಾಲೆ ಶುರುವಾಗುವ ತಿಂಗಳನ್ನೇ ಬರೆದುಕೊಂಡರು. ಆ ಬರಹವೇ ದಾಖಲಾತಿ ಪುಸ್ತಕದಿಂದ ವರ್ಗಾವಣೆ ಪತ್ರಕ್ಕೆ, ಅಲ್ಲಿಂದ ಎಸ್.ಎಸ್.ಎಲ್.ಸಿ. ಅಂಕಪಟ್ಟಿಗೆ, ಅಂಕಪಟ್ಟಿಯಿಂದ ಪಾಸ್‌ಪೋರ್ಟಿಗೆ ಹರಿದು ಬಂತು. ಹೆಸರೂ ಇದೇ ಕಾಲುವೆಯಲ್ಲಿ ಹರಿಯುತ್ತದೆ. ಹತ್ತನೆಯ ತರಗತಿ ಪಾಸಾದ ಅಂಕಪಟ್ಟಿ ಇದ್ದವರಿಗೆ ಪಾಸ್‌ಪೋರ್ಟಿನಲ್ಲಿ ವಲಸೆ ತಪಾಸಣೆಯ ಮುದ್ರೆ ಬೀಳುವುದಿಲ್ಲ. ಇಲ್ಲದವರು ಕೊಲ್ಲಿ ದೇಶಗಳಿಗೆ ಕೂಲಿಗೆ ಹೊರಟರೆ ಬೇರೆ ಅನುಮತಿ ಪಡೆಯಬೇಕು. ಹೀಗಾಗಿ ಆ ಒಂದು ಹಾಳೆಯ ತೂಕ ಪಾಲಕರು ತಿಳಿದುಕೊಂಡದ್ದಕ್ಕಿಂತ ಹೆಚ್ಚು.

ಪರೀಕ್ಷಾ ಮಂಡಳಿಗೆ ಹೆಸರುಗಳ ಪಟ್ಟಿ ಹೋಗುವ ಮುನ್ನ ಶಾಲೆಯಲ್ಲಿ ಮಕ್ಕಳಿಂದ ವಿವರ ಪರಿಶೀಲಿಸಿ ಸಹಿ ಪಡೆಯುತ್ತಾರೆ. ಹುಡುಗರು ಆ ಹಾಳೆಯನ್ನು ಮೈದಾನದ ಕಡೆ ಕಣ್ಣಿಟ್ಟು ಸಹಿ ಮಾಡುವುದೇ ಹೆಚ್ಚು. ಆ ದಿನ ಆಧಾರ್ ಮತ್ತು ಜನ್ಮದಾಖಲೆ ಪಕ್ಕದಲ್ಲಿಟ್ಟುಕೊಂಡು ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಓದಿ ನೋಡಿದರೆ ಹತ್ತು ನಿಮಿಷದ ಕೆಲಸ. ಅಂಕಪಟ್ಟಿ ಅಚ್ಚಾಗಿ ಬಂದ ಮೇಲೆ ಅದೇ ತಿದ್ದುಪಡಿಗೆ ಮುಖ್ಯೋಪಾಧ್ಯಾಯರ ಮೂಲಕ ಅರ್ಜಿ, ದಾಖಲೆ, ಶುಲ್ಕ, ಬೆಂಗಳೂರಿನ ಕಚೇರಿಯ ದಾರಿ ಕಾಯುವುದು.