ಹದಿನಾಲ್ಕು ಸೂಜಿ ಮತ್ತು ಒಂದು ಕುರಿ

ಒಂಬತ್ತನೇ ತರಗತಿಯವರಿಗೆ ಲಸಿಕೆಯ ಕಥೆ ಹೇಳುತ್ತಿದ್ದೆ. 1885ರ ಜುಲೈ 6ರಂದು ಪ್ಯಾರಿಸ್ಸಿನಲ್ಲಿ ಲೂಯಿ ಪಾಶ್ಚರ್ ಬಳಿಗೆ ಜೋಸೆಫ್ ಮೈಸ್ಟರ್ ಎಂಬ 9 ವರ್ಷದ ಹುಡುಗನನ್ನು ಕರೆತಂದರು. ಅವನನ್ನು ಹುಚ್ಚುನಾಯಿ ಹಲವು ಕಡೆ ಕಚ್ಚಿತ್ತು. ರೇಬಿಸ್ ತಗುಲಿಸಿದ ಮೊಲಗಳ ಬೆನ್ನುಹುರಿಯನ್ನು ಒಣಗಿಸಿ ತಯಾರಿಸಿದ ಮದ್ದನ್ನು ದಿನಗಟ್ಟಲೆ ಅವನಿಗೆ ಚುಚ್ಚಲಾಯಿತು. ಹುಡುಗ ಬದುಕಿದ. ಈ ಕಥೆ ಮುಗಿದಾಗ ಮಕ್ಕಳು ಸಾಮಾನ್ಯವಾಗಿ ಚಪ್ಪಾಳೆ ತಟ್ಟುತ್ತಾರೆ.

ಈ ಸಲ ಮೂರನೇ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. ಅವಳ ಮನೆಯಲ್ಲಿ ಕುರಿ ಸಾಕುತ್ತಾರೆ. ‘ಸಾರ್, ಆ ಮೊಲಗಳನ್ನು ಯಾರಾದರೂ ಕೇಳಿದ್ದರಾ?’ ಎಂದಳು.

ತರಗತಿ ಗೊಳ್ಳೆಂದು ನಕ್ಕಿತು. ನನಗೆ ನಗು ಬರಲಿಲ್ಲ, ಏಕೆಂದರೆ ಆ ಪ್ರಶ್ನೆಗೆ ನಾನೂ ಒಬ್ಬ ಆರೋಪಿ.

ನನಗೂ 9 ವರ್ಷವಿದ್ದಾಗ, ಶಾಲೆಯಿಂದ ಬರುವ ದಾರಿಯಲ್ಲಿ ಮೀನಖಂಡಕ್ಕೆ ನಾಯಿ ಕಚ್ಚಿತು. ಎರಡು ದಿನದ ಬಳಿಕ ಆ ನಾಯಿ ಸತ್ತಿತೆಂದು ಸುದ್ದಿ ಬಂತು. ಅಪ್ಪ ಬೆಳಗಿನ ಮೊದಲ ಬಸ್ಸಿಗೇ ನನ್ನನ್ನು ಪೇಟೆಯ ಆಸ್ಪತ್ರೆಗೆ ಕರೆದೊಯ್ದರು. ಹೊಕ್ಕುಳ ಸುತ್ತ ದಿನಕ್ಕೊಂದರಂತೆ 14 ಚುಚ್ಚುಮದ್ದು! ನಾಲ್ಕನೆಯ ದಿನಕ್ಕೆ ಹೊಟ್ಟೆ ಊದಿ, ಚಡ್ಡಿಯ ಗುಂಡಿ ಹಾಕಲಾಗುತ್ತಿರಲಿಲ್ಲ. ಪ್ರತಿದಿನ ವಾಪಸು ಬರುವಾಗ ಅಪ್ಪ ಒಂದು ಬಾಳೆಹಣ್ಣು ಕೊಡಿಸುತ್ತಿದ್ದರು. ಸೂಜಿಗಿಂತ ಹೆಚ್ಚಾಗಿ ಅವರ ಮುಖ ನೋಡಿದರೆ ನನಗೆ ಭಯವಾಗುತ್ತಿತ್ತು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಬದುಕುವವರು ಇಲ್ಲವೆನ್ನುವಷ್ಟು ಅಪರೂಪ ಎಂಬುದು ಅವರಿಗೆ ಗೊತ್ತಿತ್ತು.

ಆ ಮದ್ದು ಯಾವುದರಿಂದ ಆಗಿತ್ತೆಂದು ನನಗೆ ತಿಳಿದದ್ದು ಬಿ.ಎಸ್ಸಿ. ಓದುವಾಗ. ಕಸೌಲಿಯಲ್ಲಿದ್ದ ಡೇವಿಡ್ ಸೆಂಪಲ್ ಎಂಬ ವೈದ್ಯರು 1911ರಲ್ಲಿ ರೂಪಿಸಿದ ವಿಧಾನವದು. ನಮ್ಮ ದೇಶದಲ್ಲಿ ಅದಕ್ಕೆ ಬಳಸುತ್ತಿದ್ದುದು ಕುರಿಯನ್ನು. ಕುರಿಯ ಮಿದುಳಿಗೆ ರೇಬಿಸ್ ವೈರಸ್ ಸೇರಿಸಿ, ರೋಗ ಬಲಿತ ಮೇಲೆ ಅದನ್ನು ಕೊಂದು, ಮಿದುಳನ್ನು ಅರೆದು, ಫೀನಾಲ್ ಬೆರೆಸಿ ವೈರಸ್ಸನ್ನು ನಿಷ್ಕ್ರಿಯಗೊಳಿಸುತ್ತಿದ್ದರು. ನಾನು ಬದುಕಿ ಮೇಷ್ಟ್ರಾದ ಕಥೆಯಲ್ಲಿ ಹೀಗೆ ಒಂದು ಕುರಿಯೂ ಇದೆ.

‘ಆ ಮದ್ದು ಬೇಡ’ ಎಂದು ನನ್ನ ಅಪ್ಪ ಹೇಳಬೇಕಿತ್ತೇ? ಹಾಗೆಂದು ನಾನು ಯಾವ ತಂದೆಗೂ ಹೇಳಲಾರೆ. ಆದರೆ ‘ಮನುಷ್ಯ ಬದುಕಿದನಲ್ಲ, ಇನ್ನೇನು?’ ಎಂದು ಪುಸ್ತಕ ಮುಚ್ಚುವುದೂ ಸರಿಯಲ್ಲ. ಮುಂದೆ ನಡೆದುದನ್ನು ನೋಡಿ. ಕುರಿಯ ಮಿದುಳಿನ ಲಸಿಕೆಯಿಂದ ಕೆಲವರಿಗೆ ಪಾರ್ಶ್ವವಾಯುವಿನಂಥ ನರಗಳ ತೊಂದರೆ ಬರುತ್ತಿತ್ತು. ಅದನ್ನು ಕೈಬಿಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತಾ ಬಂದರೂ ಭಾರತದಲ್ಲಿ ಅದರ ತಯಾರಿಕೆ ನಿಂತದ್ದು 2004ರ ಕೊನೆಗೆ. ಈಗಿನ ಲಸಿಕೆ ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ತಯಾರಾಗುತ್ತದೆ. ಅಂಥ ಒಂದು ಬಗೆಯ ಕೋಶಗಳನ್ನು 1962ರಲ್ಲಿ ಜಪಾನಿನಲ್ಲಿ ಆಫ್ರಿಕದ ಹಸಿರು ಕೋತಿಯ ಮೂತ್ರಪಿಂಡದಿಂದ ತೆಗೆದರು. ಅವು ಇಂದಿಗೂ ವಿಭಜನೆಯಾಗುತ್ತಲೇ ಇವೆ. ಈಗ ತೋಳಿಗೆ ನಾಲ್ಕೈದು ಸಲ ಚುಚ್ಚಿಸಿಕೊಂಡರೆ ಸಾಕು.

ಇಲ್ಲಿ ನನ್ನನ್ನು ಚುಚ್ಚುವ ಸಂಗತಿಯೊಂದಿದೆ. ಕುರಿಗಳು ಪಾರಾದದ್ದು ಮುಖ್ಯವಾಗಿ ನಮ್ಮ ಕರುಣೆಯಿಂದಲ್ಲ, ನಮ್ಮದೇ ನರಗಳ ಮೇಲಿನ ಕಾಳಜಿಯಿಂದ. ಬೇರೆ ದಾರಿ ಇತ್ತು. ಹುಡುಕುವ ಮತ್ತು ಖರ್ಚು ಮಾಡುವ ಮನಸ್ಸು ತಡವಾಗಿ ಬಂತು.

ಆ ದಾರಿಗೆ ದಿಕ್ಸೂಚಿ ಇಲ್ಲದಿರಲಿಲ್ಲ. 1959ರಲ್ಲೇ ರಸೆಲ್ ಮತ್ತು ಬರ್ಚ್ ಎಂಬ ಇಂಗ್ಲೆಂಡಿನ ವಿಜ್ಞಾನಿಗಳು ಮೂರು ಸೂತ್ರ ಹೇಳಿದ್ದರು: ಸಾಧ್ಯವಿದ್ದಲ್ಲಿ ಪ್ರಾಣಿಯ ಬದಲು ಬೇರೇನನ್ನಾದರೂ ಬಳಸಿ, ಆಗದಿದ್ದರೆ ಕಡಿಮೆ ಪ್ರಾಣಿಗಳನ್ನು ಬಳಸಿ, ಬಳಸುವಾಗ ಅವುಗಳ ನೋವು ತಗ್ಗಿಸಿ. ನಮ್ಮ ದೇಶದ 1960ರ ಪ್ರಾಣಿಹಿಂಸೆ ತಡೆ ಕಾಯ್ದೆ ಸಂಶೋಧನೆಯನ್ನು ನಿಷೇಧಿಸುವುದಿಲ್ಲ. ಆದರೆ ಪುಸ್ತಕ, ಮಾದರಿ, ಚಲನಚಿತ್ರಗಳಿಂದ ಪಾಠ ಆಗುವುದಾದರೆ ಕಾಲೇಜುಗಳಲ್ಲಿ ಪ್ರಾಣಿಪ್ರಯೋಗ ಬೇಡ ಎನ್ನುತ್ತದೆ. ಹೀಗಿದ್ದೂ ನಾನು ಪಿಯುಸಿಯಲ್ಲಿ ಕಪ್ಪೆ ಕೊಯ್ದಿದ್ದೇನೆ. ಅದರ ಗುಂಡಿಗೆ ಬಡಿಯುತ್ತಿದ್ದುದು ಇಂದಿಗೂ ನೆನಪಿದೆ. ಅದರಿಂದ ಕಲಿತದ್ದರಲ್ಲಿ ಒಳ್ಳೆಯ ಚಿತ್ರದಿಂದ ಕಲಿಯಲಾಗದ್ದು ಏನಿತ್ತೆಂದು ಮಾತ್ರ ನೆನಪಿಲ್ಲ.

ಮರುದಿನ ತರಗತಿಯಲ್ಲಿ ಇದೆಲ್ಲವನ್ನೂ ಹೇಳಿದೆ. ಮೊಲವನ್ನು ಯಾರೂ ಕೇಳಲಿಲ್ಲ, ಕೇಳಲು ಆಗುವುದೂ ಇಲ್ಲ. ಆದ್ದರಿಂದಲೇ ಅದರ ಪರವಾಗಿ ನಾವು ಕೇಳಿಕೊಳ್ಳಬೇಕು ಎಂದೆ. ಈ ಪ್ರಯೋಗ ನಿಜಕ್ಕೂ ಬೇಕೇ? ಬೇರೆ ದಾರಿ ಇಲ್ಲವೇ? ಇದ್ದರೆ ಇನ್ನೂ ಏಕೆ ಹಿಡಿದಿಲ್ಲ? 2023ರಲ್ಲಿ ನಮ್ಮ ಹೊಸ ಔಷಧಗಳ ನಿಯಮ ತಿದ್ದುಪಡಿಯಾಗಿ, ಪ್ರಾಣಿಗಳಿಲ್ಲದ ಪರೀಕ್ಷಾ ವಿಧಾನಗಳಿಗೂ ಮಾನ್ಯತೆ ಸಿಕ್ಕಿದೆ ಎಂಬುದನ್ನೂ ತಿಳಿಸಿದೆ.

ಹುಡುಗಿ ಕೇಳಿದಳು: ‘ಹಾಗಾದರೆ ಈಗಿನ ಲಸಿಕೆಗೆ ಯಾವ ಪ್ರಾಣಿಯೂ ಸಾಯುವುದಿಲ್ಲವಾ ಸಾರ್?’

ಸುಳ್ಳು ಹೇಳಲಾಗಲಿಲ್ಲ. ರೇಬಿಸ್ ಲಸಿಕೆಗೆ ಶಕ್ತಿ ಇದೆಯೇ ಎಂದು ಇಲಿಗಳ ಮೇಲೆ ಪರೀಕ್ಷಿಸುವ ಪದ್ಧತಿ ದಶಕಗಳಿಂದ ಬಂದಿದೆ. ಅದನ್ನು ಬಿಡಲು ಬೇರೆ ಪರೀಕ್ಷೆಗಳನ್ನು ರೂಪಿಸುತ್ತಿದ್ದಾರೆ ಎಂದೆ. ಅವಳು ಕುಳಿತಳು. ಸಮಾಧಾನವಾದಂತೆ ಕಾಣಲಿಲ್ಲ. ಆಗದಿದ್ದರೇ ಒಳ್ಳೆಯದು. ಆ ಪರೀಕ್ಷೆಯನ್ನು ರೂಪಿಸುವವರು ಇಂಥ ಅಸಮಾಧಾನದ ಮಕ್ಕಳೇ.

ಪಾಲಕರಲ್ಲಿ ಎರಡು ವಿನಂತಿ. ಮಗು ಇಂಥ ಪ್ರಶ್ನೆ ಕೇಳಿದರೆ ‘ಪರೀಕ್ಷೆಗೆ ಬರುತ್ತದಾ? ಸುಮ್ಮನೆ ಓದು’ ಎನ್ನಬೇಡಿ. ಮತ್ತು ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ಲಸಿಕೆ ಹಾಕಿಸಿಕೊಳ್ಳದೆ ಮಗುವನ್ನು ಕಳೆದುಕೊಂಡರೆ, ಆ ಕುರಿಗಳು ಸತ್ತದ್ದೂ ದಂಡವಾದಂತೆ.