ಹಿತ್ತಲ ಮಣ್ಣಿನಲ್ಲಿ ಮೂರು ಶಿಖರ

1998ರ ಮೇ 11ಕ್ಕೆ ಒಂದು ಸಲ, 13ಕ್ಕೆ ಇನ್ನೊಂದು ಸಲ ಪೋಖ್ರಾನ್‌ನಲ್ಲಿ ಬಾಂಬು ಸಿಡಿದಾಗ ಇಲವಾಲದ ಟೀ ಅಂಗಡಿಗಳಿಗೆ ಎಲ್ಲಿಲ್ಲದ ಕಳೆ ಬಂತು. ರಾಜಸ್ಥಾನದ ಮರಳುಗಾಡಿಗೂ ನಮ್ಮ ಹುಣಸೂರು ರಸ್ತೆಯ ಊರಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಹತ್ತಿರದ ರತ್ನಹಳ್ಳಿಯಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರದವರ ರೇರ್ ಮೆಟೀರಿಯಲ್ಸ್ ಪ್ಲಾಂಟ್ ಶುರುವಾಗಿ ಆಗಲೇ ಕೆಲವು ವರ್ಷವಾಗಿತ್ತು. ಊರವರ ಬಾಯಲ್ಲಿ ಅದು ಆರೆಂಪಿ. ಯುರೇನಿಯಂ ಅನಿಲವನ್ನು ಭಾರೀ ವೇಗದಲ್ಲಿ ಗಿರಗಿರನೆ ತಿರುಗಿಸಿ, ಅದರಲ್ಲಿ ನೂರಕ್ಕೆ 0.7ರಷ್ಟು ಮಾತ್ರ ಇರುವ ಹಗುರ ಯುರೇನಿಯಂ-235ನ್ನು 238ರಿಂದ ಬೇರೆ ಮಾಡುತ್ತಾ ಹೋಗುವ ಜಾಗ. ಬೇಲಿಯ ಆಚೆ ಏನು ನಡೆಯುತ್ತದೆ ಅನ್ನುವುದು ಯಾರಿಗೂ ತಿಳಿಯದು. ತಿಳಿಯದ್ದರ ಬಗ್ಗೆ ಮಾತಾಡಲು ಟೀ ಅಂಗಡಿಗಿಂತ ಒಳ್ಳೆಯ ಜಾಗ ಬೇರೆ ಯಾವುದಿದೆ?

ನಾನಾಗ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಭೌತಶಾಸ್ತ್ರ ಎಂಎಸ್ಸಿ ಓದುತ್ತಿದ್ದೆ. ಅಜ್ಜಿಯ ಮನೆ ಇಲವಾಲದಲ್ಲಿ. ದೊಡ್ಡಪ್ಪ ಅವಳ ಜೊತೆಗೇ ಇದ್ದು ತೆಂಗು, ರಾಗಿ ನೋಡಿಕೊಳ್ಳುತ್ತಿದ್ದ. ಆ ವರ್ಷ ಅವನ ತೆಂಗಿನ ಮರಗಳಲ್ಲಿ ಕಾಯಿ ಚಿಕ್ಕದಾಗಿ, ಮೈಯೆಲ್ಲ ಕಂದು ಗೀರು ಬಿದ್ದು, ಹರಳಲ್ಲೇ ಉದುರತೊಡಗಿತ್ತು. ಒಂದು ಭಾನುವಾರ ಊಟದ ಹೊತ್ತಲ್ಲಿ ಅಂಥದೊಂದು ಕಾಯನ್ನು ತಂದು ನನ್ನ ತಟ್ಟೆಯ ಪಕ್ಕ ಇಟ್ಟ.

“ನೋಡ್ಲಾ ಮಗ, ನೀನು ಅದೇನೋ ಅಣು ಓದ್ತಾ ಇದ್ದೀಯಲ್ಲ. ಇದು ಅಣುವಿಂದೇ ಅಂತಾವ್ರೆ.”

ಅದು ನುಸಿ ಪೀಡೆ. ಕೇರಳದ ಕಡೆಯಿಂದ ಆಗಷ್ಟೇ ನಮ್ಮ ಸೀಮೆಗೆ ಹಬ್ಬುತ್ತಿದ್ದ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನ ಕಾಟ. ಕಾಯಿಯ ತೊಟ್ಟಿನ ತೊಪ್ಪಿಯೊಳಗೆ ಸೇರಿಕೊಂಡು ರಸ ಹೀರುತ್ತದೆ. ಕೃಷಿ ಇಲಾಖೆಯವರು ಹಾಗೆಂದು ಹೇಳಿದ ಮೇಲೆ ದೊಡ್ಡಪ್ಪ ಒಪ್ಪಿದ. ಆದರೆ ಅನುಮಾನ ಅನ್ನುವುದು ಒಂದು ಸಲ ಮನೆಯೊಳಗೆ ಕಾಲಿಟ್ಟರೆ ಅಷ್ಟು ಸುಲಭಕ್ಕೆ ಹೋಗುವುದಿಲ್ಲ. “ಆಯ್ತು, ತೆಂಗಿಗೆ ನುಸಿ. ಮಣ್ಣಿಗೆ? ಮನೆ ಒಳಗಿನ ಗಾಳಿಗೆ? ನಿಮ್ಮ ಮಿಸೀನಲ್ಲಿ ವಸಿ ಅಳೆದು ನೋಡು” ಅಂದ.

ನನಗೂ ಅಂತಿಮ ವರ್ಷದ ಪ್ರಾಜೆಕ್ಟಿಗೆ ಏನಾದರೂ ಬೇಕಿತ್ತು. ನಮ್ಮ ವಿಭಾಗದಲ್ಲಿ ಮಣ್ಣು, ಬಂಡೆ, ಮನೆಯ ಗಾಳಿಗಳಲ್ಲಿರುವ ಸಹಜ ವಿಕಿರಣ ಅಳೆಯುವ ಕೆಲಸ ನಡೆಯುತ್ತಿತ್ತು. ಮೇಷ್ಟ್ರ ಹತ್ತಿರ ಹೋಗಿ ವಿಷಯ ಹೇಳಿದೆ. ಅವರು ನಕ್ಕು, “ಅಳೆಯೋಣ. ಆದರೆ ಅಳತೆ ನೀವು ಕೇಳಿದ ಪ್ರಶ್ನೆಗೇ ಉತ್ತರ ಕೊಡುತ್ತದೆ ಅಂತ ಮೊದಲೇ ಮಾತು ಕೊಡಬೇಡಿ” ಅಂದರು. ಆ ಮಾತಿನ ತೂಕ ಆಗ ನನಗೆ ತಿಳಿಯಲಿಲ್ಲ.

ಮಳೆ ನಿಂತ ಮೇಲೆ ಹಿತ್ತಲಿನಲ್ಲಿ, ದನದ ಕೊಟ್ಟಿಗೆಯಿಂದ ದೂರದ ಒಂದು ಮೂಲೆಯಲ್ಲಿ ಹುಲ್ಲು ಕೆರೆದು ಮಣ್ಣು ತೆಗೆದೆ. ಕಲ್ಲು, ಬೇರು ಆರಿಸಿ, ಒಲೆಯಲ್ಲಿ ಅಲ್ಲ, ಪ್ರಯೋಗಾಲಯದ ಓವನ್ನಿನಲ್ಲಿ 110 ಡಿಗ್ರಿಗೆ ಒಣಗಿಸಿ, ಜರಡಿ ಹಿಡಿದು, ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಗಾಳಿಯಾಡದ ಹಾಗೆ ಮುಚ್ಚಳ ಬಿಗಿದಿಟ್ಟೆ. ಆಮೇಲೆ ಒಂದು ತಿಂಗಳು ಸುಮ್ಮನೆ ಕಾಯಬೇಕು. ಯಾಕೆ ಅಂದರೆ, ಮಣ್ಣಿನಲ್ಲಿರುವ ಯುರೇನಿಯಂ ಒಡೆಯುತ್ತಾ ಒಡೆಯುತ್ತಾ ರೇಡಿಯಂ ಆಗುತ್ತದೆ, ರೇಡಿಯಂ ಒಡೆದು ರೇಡಾನ್ ಎಂಬ ಅನಿಲವಾಗುತ್ತದೆ. ಅನಿಲ ತಾನೆ, ಮಣ್ಣು ಅಗೆದಾಗ ಹಾರಿಹೋಗಿರುತ್ತದೆ. ರೇಡಾನ್‌ನ ಅರ್ಧಾಯುಷ್ಯ 3.8 ದಿನ. ತಿಂಗಳು ಮುಚ್ಚಿಟ್ಟರೆ ಹುಟ್ಟುವುದೂ ಸಾಯುವುದೂ ಸರಿಸಮನಾಗಿ, ಮುಂದಿನ ಲೆಕ್ಕ ನಂಬುವಂತಾಗುತ್ತದೆ.

ಅರ್ಧಾಯುಷ್ಯದ ವಿಚಿತ್ರ ಏನು ಗೊತ್ತಾ? ಒಂದೇ ಒಂದು ನ್ಯೂಕ್ಲಿಯಸ್ ತೋರಿಸಿ ಇದು ಯಾವಾಗ ಒಡೆಯುತ್ತದೆ ಎಂದು ಕೇಳಿದರೆ ಜಗತ್ತಿನ ಯಾವ ಪಂಡಿತನಿಗೂ ಹೇಳಲಾಗದು. ಅದಕ್ಕೆ ಮುಪ್ಪು ಅನ್ನುವುದೇ ಇಲ್ಲ. ನೂರು ಕೋಟಿ ವರ್ಷ ಕಳೆದದ್ದೂ ನಿನ್ನೆ ಹುಟ್ಟಿದ್ದೂ ಒಂದೇ. ಆದರೆ ಲೆಕ್ಕವಿಲ್ಲದಷ್ಟು ಒಟ್ಟಿಗೆ ಇದ್ದಾಗ ಇಷ್ಟು ಹೊತ್ತಿಗೆ ಅರ್ಧ ಮುಗಿಯುತ್ತದೆ ಎಂದು ಕರಾರುವಾಕ್ಕಾಗಿ ಹೇಳಬಹುದು. ಯುರೇನಿಯಂ-238ಕ್ಕೆ ಅದು 447 ಕೋಟಿ ವರ್ಷ, ಹೆಚ್ಚುಕಡಿಮೆ ಭೂಮಿಯ ವಯಸ್ಸು. ಅಂದರೆ ಭೂಮಿ ಹುಟ್ಟಿದಾಗ ಇದ್ದದ್ದರಲ್ಲಿ ಅರ್ಧ ಇನ್ನೂ ನಮ್ಮ ಕಾಲ ಕೆಳಗೇ ಇದೆ.

ತಿಂಗಳು ಕಳೆದ ಮೇಲೆ ಡಬ್ಬಿಯನ್ನು ಸೀಸದ ಇಟ್ಟಿಗೆಗಳ ಗೂಡಿನೊಳಗೆ, ಸೋಡಿಯಂ ಅಯೋಡೈಡ್ ಹರಳಿನ ಮೇಲೆ ಕೂರಿಸಿದೆವು. ಮಣ್ಣಿನಿಂದ ಹೊರಟ ಗಾಮಾ ಕಿರಣ ಹರಳಿಗೆ ತಾಗಿದರೆ ಒಂದು ಮಿಣುಕು ಬೆಳಕು. ಅದನ್ನು ಫೋಟೋಮಲ್ಟಿಪ್ಲೈಯರ್ ಟ್ಯೂಬು ಹಿಡಿದು ವಿದ್ಯುತ್ ಮಿಡಿತ ಮಾಡುತ್ತದೆ. ಕಿರಣದ ಶಕ್ತಿ ಹೆಚ್ಚಿದ್ದಷ್ಟೂ ಮಿಡಿತ ಎತ್ತರ. ಎತ್ತರದ ಪ್ರಕಾರ ಮಿಡಿತಗಳನ್ನು ಬೇರೆ ಬೇರೆ ಖಾನೆಗೆ ಹಾಕುತ್ತಾ ಎಣಿಸುವ ಯಂತ್ರ ಮಲ್ಟಿಚಾನೆಲ್ ಅನಲೈಸರ್. ಅದಕ್ಕೆ ಮೊದಲು ಸೀಸಿಯಂ-137ರ 662, ಕೋಬಾಲ್ಟ್-60ರ 1173 ಮತ್ತು 1332 ಕಿಲೋ ಎಲೆಕ್ಟ್ರಾನ್ ವೋಲ್ಟ್ (ಕೆಇವಿ) ಗೆರೆಗಳನ್ನು ಇಟ್ಟು ಯಾವ ಖಾನೆ ಯಾವ ಶಕ್ತಿಗೆ ಎಂದು ಗುರುತು ಮಾಡಿಕೊಂಡಿದ್ದೆವು. ಖಾಲಿ ಡಬ್ಬಿಯನ್ನೂ ಅಷ್ಟೇ ಹೊತ್ತು ಎಣಿಸಿದ್ದೆವು, ಗೋಡೆಯಿಂದ, ಆಕಾಶದಿಂದ ಬರುವುದನ್ನು ಕಳೆಯಬೇಕಲ್ಲ.

ರಾತ್ರಿಯಿಡೀ ಎಣಿಕೆ. ಮೊದಮೊದಲು ಪರದೆಯ ಮೇಲೆ ಚದುರಿದ ಚುಕ್ಕಿ ಬಿಟ್ಟರೆ ಏನಿಲ್ಲ. ಹಾಸ್ಟೆಲಿಗೆ ಹೋಗಿ ಮಲಗಿ, ಬೆಳಗ್ಗೆ ಬಂದು ನೋಡಿದರೆ ಚುಕ್ಕಿಗಳೆಲ್ಲ ಸೇರಿ ಆದ ಇಳಿಜಾರಿನ ಆ ಕಡೆ ತುದಿಯಲ್ಲಿ ಮೂರು ಶಿಖರ ಎದ್ದಿದ್ದವು. 1460, 1764, 2614 ಕೆಇವಿ.

ಮೇಷ್ಟ್ರು ಕುರ್ಚಿ ಎಳೆದು ಕೂತರು. “ಅಜ್ಜಿ ಮನೆಯಲ್ಲಿ ಅಟ್ಟ ಇದೆಯೇನ್ರೀ?” ಇದೆ ಅಂದೆ. “ಏಣಿಯ ಮೆಟ್ಟಿಲ ಮೇಲೆ ನಿಲ್ಲಬಹುದು, ಎರಡು ಮೆಟ್ಟಿಲ ಮಧ್ಯೆ ನಿಲ್ಲಲಾಗದು. ನ್ಯೂಕ್ಲಿಯಸ್ಸೂ ಹಾಗೇ. ಒಂದೊಂದಕ್ಕೂ ಅದರದೇ ಏಣಿ. ಮೇಲಿನ ಮೆಟ್ಟಿಲಿಂದ ಕೆಳಗೆ ಇಳಿಯುವಾಗ ಆ ಎತ್ತರದಷ್ಟೇ ಶಕ್ತಿಯ ಗಾಮಾ ಹೊರಗೆ ಬೀಳುತ್ತದೆ. ಗಾಮಾ ಅಳೆದರೆ ಏಣಿ ಕಂಡಂತೆ” ಅಂದರು.

ಒಂದೊಂದೇ ಶಿಖರಕ್ಕೆ ಬೆರಳಿಟ್ಟರು. 1460 ಪೊಟ್ಯಾಸಿಯಂ-40. ಬಾಳೆಹಣ್ಣಿನಲ್ಲೂ ಇರುತ್ತದೆ, ನಮ್ಮ ಮೈಯಲ್ಲೂ ಇರುತ್ತದೆ. ಅದು ಆರ್ಗಾನ್-40 ಆಗುವಾಗ ಕೆಲವು ಸಲ ಆರ್ಗಾನಿನ ಮೊದಲ ಮೆಟ್ಟಿಲಿಗೆ ಬಿದ್ದು ಅಲ್ಲಿಂದ ನೆಲಕ್ಕೆ ಇಳಿಯುತ್ತದೆ. ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ ಒಂದು ಪಾಲು ಇರುವ ಆರ್ಗಾನ್ ಬಹುಪಾಲು ಹೀಗೆ ಕಲ್ಲಿನೊಳಗೆ ಹುಟ್ಟಿ ಹೊರಬಂದದ್ದೇ. 1764 ಯುರೇನಿಯಂ ವಂಶದ ಕೊಡುಗೆ, ಬಿಸ್ಮತ್-214 ಪೊಲೋನಿಯಂ-214 ಆಗುವಾಗಿನದು.

2614ರ ಮುಂದೆ ಅವರು ಬಹಳ ಹೊತ್ತು ನಿಂತರು. ಅದು ಥೋರಿಯಂ ವಂಶದ ಕೊನೆಯ ಹೆಜ್ಜೆ. ಥಾಲಿಯಂ-208 ಒಡೆದು ಸೀಸ-208 ಆಗುತ್ತದೆ. ಸೀಸ-208ರ ಏಣಿಯಲ್ಲಿ ಮೊದಲ ಮೆಟ್ಟಿಲೇ 2614 ಕೆಇವಿ ಎತ್ತರದಲ್ಲಿದೆ. ಇಷ್ಟು ದಪ್ಪ ನ್ಯೂಕ್ಲಿಯಸ್ಸುಗಳಲ್ಲಿ ಸಾಧಾರಣವಾಗಿ ಮೊದಲ ಮೆಟ್ಟಿಲು ಬಹಳ ತಗ್ಗಿನಲ್ಲಿರುತ್ತದೆ. ಸೀಸದ್ದು ಮಾತ್ರ ಯಾಕೆ ಹೀಗೆ? ಅದರಲ್ಲಿ ಪ್ರೋಟಾನ್ 82, ನ್ಯೂಟ್ರಾನ್ 126. ಎರಡೂ ಪೂರ್ತಿ ತುಂಬಿದ ಕವಚದ ಸಂಖ್ಯೆಗಳು, ಮಾಂತ್ರಿಕ ಸಂಖ್ಯೆಗಳು. ತುಂಬಿದ್ದನ್ನು ಕದಲಿಸಲು ಹೆಚ್ಚು ಶಕ್ತಿ ಬೇಕು. ಈ ಸಂಖ್ಯೆಗಳ ಗುಟ್ಟನ್ನು 1949ರಲ್ಲಿ ಮರಿಯಾ ಗೋಪರ್ಟ್ ಮೇಯರ್ ಅಮೆರಿಕದಲ್ಲೂ ಹಾನ್ಸ್ ಯೆನ್ಸನ್ ಜರ್ಮನಿಯಲ್ಲೂ ಬೇರೆ ಬೇರೆಯಾಗಿ ಬಿಡಿಸಿದರು. 1963ರಲ್ಲಿ ಇಬ್ಬರಿಗೂ ನೊಬೆಲ್ ಬಂತು. “ಪುಸ್ತಕದಲ್ಲಿ ಓದಿದ್ದು ನಿಮ್ಮ ಅಜ್ಜಿಯ ಹಿತ್ತಲಲ್ಲಿ ಬಿದ್ದಿದೆ ನೋಡ್ರೀ” ಎಂದರು ಮೇಷ್ಟ್ರು.

ಮಣ್ಣಿನ ಕತೆ ಇದು. ಗಾಳಿಯದು ಇನ್ನೂ ಚೆಂದ.

ಮನೆಯ ಗಾಳಿಯಲ್ಲಿ ಎರಡು ಅನಿಲ ಇರುತ್ತವೆ. ಯುರೇನಿಯಂ ವಂಶದ ರೇಡಾನ್, ಥೋರಿಯಂ ವಂಶದ ಥೋರಾನ್. ಬಣ್ಣ ಇಲ್ಲ, ವಾಸನೆ ಇಲ್ಲ. ಎರಡೂ ಒಡೆಯುವಾಗ ಆಲ್ಫಾ ಕಣ ಉಗುಳುತ್ತವೆ. ಅವನ್ನು ಹಿಡಿಯಲು ಎಲ್‌ಆರ್-115 ಎಂಬ ಕೆಂಪು ಫಿಲ್ಮು ಇದೆ. ಪಾಲಿಯೆಸ್ಟರ್ ಹಾಳೆಯ ಮೇಲೆ ಬರೀ 12 ಮೈಕ್ರಾನ್ ದಪ್ಪದ ಸೆಲ್ಯುಲೋಸ್ ನೈಟ್ರೇಟ್ ಪದರ. ಆಲ್ಫಾ ಹೊಕ್ಕ ಜಾಗ ಒಳಗೇ ಗಾಯವಾಗುತ್ತದೆ, ಹೊರಗೆ ಕಾಣುವುದಿಲ್ಲ. ಇಂಥ ಫಿಲ್ಮಿನ ತುಂಡುಗಳನ್ನು ಎರಡು ಬಟ್ಟಲಿನ ಒಂದು ಸಣ್ಣ ಉಪಕರಣದೊಳಗೆ ಅಂಟಿಸುತ್ತಾರೆ. ಒಂದು ಬಟ್ಟಲಿನ ಬಾಯಿಗೆ ಸಾದಾ ಫಿಲ್ಟರ್ ಕಾಗದ, ಎರಡೂ ಅನಿಲ ಒಳಗೆ ಬರುತ್ತವೆ. ಇನ್ನೊಂದರ ಬಾಯಿಗೆ ತೆಳು ಪೊರೆ. ಆ ಪೊರೆ ಯಾರನ್ನೂ ತಡೆಯುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೆ. ಥೋರಾನ್‌ನ ಅರ್ಧಾಯುಷ್ಯ 55.6 ಸೆಕೆಂಡು. ಪೊರೆ ದಾಟುವಷ್ಟರಲ್ಲಿ ಅದರ ಕತೆ ಮುಗಿದಿರುತ್ತದೆ. ದಿನಗಟ್ಟಲೆ ಬದುಕುವ ರೇಡಾನ್ ಮಾತ್ರ ಒಳಗೆ ಸೇರುತ್ತದೆ. ಎರಡು ಬಟ್ಟಲಿನ ಎಣಿಕೆ ಕಳೆದರೆ ಥೋರಾನ್ ಎಷ್ಟು ಎಂದು ತಿಳಿಯುತ್ತದೆ. ನ್ಯೂಕ್ಲಿಯಸ್ಸಿನ ಆಯುಷ್ಯವನ್ನೇ ಜರಡಿ ಮಾಡಿಕೊಂಡ ಈ ಉಪಾಯಕ್ಕೆ ನಾನು ಇವತ್ತಿಗೂ ತಲೆದೂಗುತ್ತೇನೆ.

ಒಂದನ್ನು ನಡುಮನೆಯ ತೊಲೆಗೆ, ಇನ್ನೊಂದನ್ನು ಕಿಟಕಿಯಿಲ್ಲದ ರಾಗಿ ಕೋಣೆಗೆ ತೂಗುಹಾಕಿದೆ. ಮೂರು ತಿಂಗಳು ಮುಟ್ಟಬೇಡಿ ಎಂದು ಅಜ್ಜಿಗೆ ಹೇಳಿದೆ. ಅವಳು ಬಂದವರಿಗೆಲ್ಲ, “ನಮ್ಮ ಮೊಮ್ಮಗ ಗಾಳಿ ಎಣಿಸ್ತಾವ್ನೆ” ಎಂದು ತೋರಿಸುತ್ತಿದ್ದಳು. 1957ರಲ್ಲಿ ವಿನೋಬಾ ಅವರ ಗ್ರಾಮದಾನ ಸಮ್ಮೇಳನಕ್ಕೆ ನೆಹರೂ ಇದೇ ಇಲವಾಲಕ್ಕೆ ಬಂದಿದ್ದನ್ನು ಹೇಳುವಾಗ ಬರುತ್ತಿದ್ದ ಅದೇ ಠೀವಿ ಮಾತಿನಲ್ಲಿ.

ಯುಗಾದಿ ಹೊತ್ತಿಗೆ ಬಿಚ್ಚಿ ತಂದು, ಫಿಲ್ಮನ್ನು 60 ಡಿಗ್ರಿಯ ಸೋಡಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಒಂದೂವರೆ ಗಂಟೆ ನೆನೆಸಿದೆವು. ಗಾಯವಾದ ಜಾಗ ಬೇಗ ಕರಗಿ ತೂತಾಗುತ್ತದೆ. ತೊಳೆದು, ಒಣಗಿಸಿ, ಪದರವನ್ನು ಸುಲಿದು, ಅಲ್ಯೂಮಿನಿಯಂ ಲೇಪದ ಹಾಳೆಯ ಜೊತೆ ಎರಡು ವಿದ್ಯುದ್ವಾರಗಳ ನಡುವೆ ಇಟ್ಟು ವೋಲ್ಟೇಜ್ ಕೊಟ್ಟರೆ, ಒಂದೊಂದು ತೂತಿನ ಮೂಲಕವೂ ಒಂದೊಂದು ಕಿಡಿ. ಚಟ್, ಚಟ್, ಚಟ್. ಪ್ರತಿ ಕಿಡಿಯೂ ಇಲವಾಲದ ಮನೆಯಲ್ಲಿ ಎಂದೋ ಒಡೆದ ಒಂದು ನ್ಯೂಕ್ಲಿಯಸ್.

ರಾಗಿ ಕೋಣೆಯದು ನಡುಮನೆಗಿಂತ ಎದ್ದು ಕಾಣುವಷ್ಟು ಹೆಚ್ಚಿತ್ತು. ನೆಲದಿಂದ ಬಂದದ್ದು ಹೊರಗೆ ಹೋಗಲು ದಾರಿಯಿಲ್ಲ, ಅಲ್ಲೇ ಉಳಿಯುತ್ತದೆ. ಹೆದರುವ ಮಟ್ಟವಲ್ಲ. ಆದರೂ ರೇಡಾನ್ ಲಘುವಾಗಿ ತೆಗೆದುಕೊಳ್ಳುವ ವಸ್ತುವಲ್ಲ. ಶ್ವಾಸಕೋಶದ ಕ್ಯಾನ್ಸರಿಗೆ ಧೂಮಪಾನದ ನಂತರದ ಮುಖ್ಯ ಕಾರಣಗಳಲ್ಲಿ ಅದೂ ಒಂದು. ಘನಮೀಟರಿಗೆ 100 ಬೆಕೆರೆಲ್, ಅಂದರೆ ಅಷ್ಟು ಗಾಳಿಯಲ್ಲಿ ಸೆಕೆಂಡಿಗೆ ನೂರು ನ್ಯೂಕ್ಲಿಯಸ್ ಒಡೆಯುವ ಮಟ್ಟವನ್ನು ದಾಟದಿದ್ದರೆ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಹೇಳಿತು. ನಾನು ಅಜ್ಜಿಗೆ ಹೇಳಿದ್ದು ಇಷ್ಟೇ: ಕೋಣೆಗೆ ಒಂದು ಕಿಂಡಿ ಕೊರೆಸು, ಅಲ್ಲಿ ಯಾರನ್ನೂ ಮಲಗಿಸಬೇಡ. ದೊಡ್ಡಪ್ಪನಿಗೆ ಹೇಳಿದ್ದು: ಮೊದಲು ಬೀಡಿ ಬಿಡು.

ಅವನು ಬೀಡಿಯ ಮಾತು ಕೇಳಿಸದವನಂತೆ, “ಅದೆಲ್ಲ ಸರಿ. ಆರೆಂಪಿದು ಏನಾದ್ರೂ ನಮ್ಮ ಮಣ್ಣಿಗೆ ಬಂದದೋ ಇಲ್ವೋ? ಅದನ್ನ ಯೋಳು” ಅಂದ.

ಅದನ್ನೇ ಮೇಷ್ಟ್ರ ಹತ್ತಿರ ಹೋಗಿ ಕೇಳಿದ್ದೆ. ಮೂರು ಶಿಖರಗಳೂ ಆರೆಂಪಿಯ ಬಗ್ಗೆ ಏನೂ ಹೇಳುವುದಿಲ್ಲ. ಅವು ಎಲ್ಲ ಊರಿನ ಮಣ್ಣಿನಲ್ಲೂ ಇರುವಂಥವೇ. ಆರೆಂಪಿಯದು ಬಂದಿದೆಯೇ ಎಂದು ಹೇಳಬೇಕಾದದ್ದು ಅಲ್ಲಿ ಬೇರೆ ಮಾಡುವ ಯುರೇನಿಯಂ-235ರ ಗೆರೆ, ಅದು ಬೀಳುವುದು 185.7 ಕೆಇವಿಯಲ್ಲಿ. ಯಾವ ಮಣ್ಣಿನಲ್ಲೂ ಇರುವ ರೇಡಿಯಂ-226ರ ಗೆರೆ ಬೀಳುವುದು 186.2ರಲ್ಲಿ. ನಡುವಿನ ಅಂತರ ಅರ್ಧ ಕೆಇವಿ. ನಮ್ಮ ಹರಳಿಗೆ ಆ ಜಾಗದಲ್ಲಿ ಹತ್ತು ಕೆಇವಿ ಅಂತರದ ಗೆರೆಗಳೂ ಒಂದೇ ಗುಡ್ಡವಾಗಿ ಕಾಣುತ್ತವೆ. ಹೆಚ್ಚು ಸೂಕ್ಷ್ಮದ ಜರ್ಮೇನಿಯಂ ಡಿಟೆಕ್ಟರಿಗೂ ಈ ಜೋಡಿಯನ್ನು ಬಿಡಿಸುವುದು ಕಷ್ಟವೇ. ಬಂದಿದೆ ಎನ್ನಲು ಆಧಾರ ಇಲ್ಲ. ಬಂದಿಲ್ಲ ಎನ್ನಲು ಈ ಯಂತ್ರಕ್ಕೆ ಕಣ್ಣಿಲ್ಲ. “ಹಾಗೇ ಬರೆಯಿರಿ, ಹಾಗೇ ಹೇಳಿ” ಎಂದಿದ್ದರು ಮೇಷ್ಟ್ರು. “ಅವರಿಗೆ ಸಮಾಧಾನ ಮಾಡುವುದು ನಮ್ಮ ಕೆಲಸ ಅಲ್ಲ.”

ಹಾಗೇ ಹೇಳಿದೆ.

“ಗೊತ್ತಿಲ್ಲ ಅನ್ನಕ್ಕೆ ಎಲ್ಡು ವರ್ಷ ಓದ್ದೇನ್ಲಾ?” ಅಂದ ದೊಡ್ಡಪ್ಪ.

“ಯಾವುದು ಗೊತ್ತಿಲ್ಲ, ಯಾಕೆ ಗೊತ್ತಿಲ್ಲ ಅನ್ನೋದಕ್ಕೆ ಓದಿದ್ದು, ದೊಡ್ಡಪ್ಪ.”

ಅವನು ಮಾತಾಡಲಿಲ್ಲ. ಮಾರನೇ ದಿನ ಮೈಸೂರು ಬಸ್ಸಿಗೆ ಕಾಯುತ್ತಾ ನಿಂತಿದ್ದೆ. ಪಕ್ಕದ ಟೀ ಅಂಗಡಿಯಲ್ಲಿ ಯಾರೋ ಮತ್ತೆ ಅಣುವಿನ ಮಾತು ತೆಗೆದಿದ್ದರು, ಇವತ್ತಲ್ಲ ನಾಳೆ ಊರೇ ಉಳಿಯಲ್ಲ ಎನ್ನುವ ಧಾಟಿಯಲ್ಲಿ. ದೊಡ್ಡಪ್ಪ ಬೀಡಿ ಹಚ್ಚಿಕೊಂಡು ಗಂಭೀರವಾಗಿ ಹೇಳಿದ: “ನಮ್ಮುಡುಗ ಮಣ್ಣು ಅಳೆದು ನೋಡವ್ನೆ. ಮೂರು ಏನು ಅಂತ ಗೊತ್ತಾಯ್ತಂತೆ, ನಾಲ್ಕನೇದು ಗೊತ್ತಾಗ್ನಿಲ್ವಂತೆ. ನಿನಗೆ ಆ ಮೂರಾದ್ರೂ ಗೊತ್ತೇನ್ಲಾ?”